ಈಜುವಿದ್ಯೆ: ಆರೋಗ್ಯಸಾಧನವೂ ಪ್ರಾಣರಕ್ಷಕವೂ

ಪಂಚಭೂತಗಳಲ್ಲಿ ಮಾನವನು ಏಕಕಾಲಕ್ಕೆ ಪ್ರೀತಿಸಿದುದೂ ಅಂಜಿದುದೂ ಜಲತತ್ತ್ವವನ್ನೇ ಎನ್ನಬೇಕು. ನೀರು ಜೀವನವೆಂಬ ಹೆಸರನ್ನೇ ಹೊತ್ತಿದೆ. ಆದರೂ ಈಜರಿಯದವನಿಗೆ ಆಳೆತ್ತರದ ನೀರೇ ಮೃತ್ಯುವಾಗಿ ಪರಿಣಮಿಸುತ್ತದೆ. ಈ ಎರಡು ಮುಖಗಳ ನಡುವೆ ಸೇತುವೆಯಾಗಿ ನಿಂತಿರುವುದು ಈಜುವಿದ್ಯೆ. ಹಳಗನ್ನಡದ 'ಈಸು' ಎಂಬ ಧಾತುವೇ ಇಂದಿನ 'ಈಜು'. ಸೋದರ ಭಾಷೆಯಾದ ತೆಲುಗಿನಲ್ಲಿ ಅದು 'ಈದು', ತಮಿಳಿನಲ್ಲಿ 'ನೀಂದು'. ಕನ್ನಡದೊಡನೆ ಮರಾಠಿ, ಉರ್ದು, ತೆಲುಗುಗಳೂ ಮನೆಮಾತುಗಳಾಗಿರುವ ಬೀದರ ಜಿಲ್ಲೆಯಲ್ಲಿ ಇದೇ ಕ್ರಿಯೆಯನ್ನು 'ಪೋಹಣೆ' ಎಂದವರೂ ಉಂಟು, 'ತೈರನಾ' ಎಂದವರೂ ಉಂಟು. ಶಬ್ದಗಳು ಬೇರೆಯಾದರೂ ವಿದ್ಯೆ ಒಂದೇ. ಆ ವಿದ್ಯೆ ಇಂದು ಈ ನೆಲದಲ್ಲಿ ಯಾವ ಸ್ಥಿತಿಯಲ್ಲಿದೆ, ಅದರಿಂದ ದೇಹಕ್ಕೆ ಆಗುವ ಉಪಕಾರವೇನು, ಅದನ್ನು ಸುರಕ್ಷಿತವಾಗಿ ಕಲಿಸುವ ಬಗೆ ಯಾವುದು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ನಾಡಿಗೆ ಜಲಕ್ರೀಡೆ ಹೊಸತೇನೂ ಅಲ್ಲ. ಆಲಂಕಾರಿಕರು ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದು. ಕಲ್ಯಾಣದಿಂದ ರಾಜ್ಯವಾಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜಯೋಗ್ಯವಾದ ಕ್ರೀಡೆಗಳ ಸಾಲಿನಲ್ಲಿ ಜಲಕ್ರೀಡೆಗೂ ಸ್ಥಾನ ದೊರೆತಿದೆ. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಹರಿಗೋಲು ನಡೆಸುವ ಕಾಯಕದಿಂದಲೇ ಪ್ರಸಿದ್ಧನಾದ ಅಂಬಿಗರ ಚೌಡಯ್ಯನಿದ್ದನು. ಅರಸನಿಗೆ ನೀರು ವಿನೋದವಾಗಿತ್ತು. ಅಂಬಿಗನಿಗೆ ಅದು ಕಾಯಕದ ಕ್ಷೇತ್ರವಾಗಿತ್ತು. ಜನಸಾಮಾನ್ಯರ ಪಾಲಿಗೆ ಈಜು ಶಾಸ್ತ್ರಗ್ರಂಥದ ವಿಷಯವಾಗಿರದೆ ಬಾಳಿಗೆ ಬೇಕಾದ ಅರಿವಾಗಿತ್ತು.

ಡಾಬಕಾ, ಔರಾದ, ಭಾಲ್ಕಿ ಪ್ರದೇಶದ ಎರೆಯ ನೆಲದ ಹಳ್ಳಿಗಳಲ್ಲಿ ಈ ಅರಿವಿನ ಪಾಠಶಾಲೆ ಬಾವಿಯೇ ಆಗಿತ್ತು. ಎತ್ತುಗಳಿಂದ ನೀರೆತ್ತುತ್ತಿದ್ದ ಕಾಲದಲ್ಲಿ ತೋಟದ ಅಗಲವಾದ ಕಲ್ಲುಕಟ್ಟಡದ ಬಾವಿಗೆ ಮೆಟ್ಟಿಲುಗಳಿರುತ್ತಿದ್ದವು. ಬೇಸಗೆಯ ರಜೆ ಬಂದಿತೆಂದರೆ ತಂದೆಯೋ ಸೋದರಮಾವನೋ ಮಗುವಿನ ನಡುವಿಗೆ ಹಗ್ಗ ಕಟ್ಟಿ, ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡಿನ ಕಟ್ಟನ್ನೋ ಬಾಯಿ ಮುಚ್ಚಿದ ಖಾಲಿ ಡಬ್ಬಿಯನ್ನೋ ಬಿಗಿದು ನೀರಿಗಿಳಿಸುತ್ತಿದ್ದರು. ಹಗ್ಗದ ಒಂದು ತುದಿ ಹಿರಿಯರ ಕೈಯಲ್ಲಿ, ಇನ್ನೊಂದು ತುದಿ ಮಗುವಿನ ನಡುವಿನಲ್ಲಿ! ಕೆಲವು ದಿನ ಕಳೆದ ಮೇಲೆ ಬುರುಡೆ ದೂರವಾಗುತ್ತಿತ್ತು. ಇನ್ನೂ ಕೆಲವು ದಿನಗಳಿಗೆ ಹಗ್ಗವೂ ಬಿಚ್ಚಿಹೋಗುತ್ತಿತ್ತು. ಗುರುವಿಗೆ ವೇತನವಿಲ್ಲ, ಶಿಷ್ಯನಿಗೆ ಪರೀಕ್ಷೆಯಿಲ್ಲ; ಆದರೂ ಕಲಿತ ವಿದ್ಯೆ ಸಾಯುವ ತನಕ ಮರೆಯುತ್ತಿರಲಿಲ್ಲ.

ಕಾಲಾಂತರದಲ್ಲಿ ಕೊಳವೆಬಾವಿಗಳು ಬಂದವು. ಅಂತರ್ಜಲ ಕೆಳಗಿಳಿಯಿತು, ತೆರೆದ ಬಾವಿಗಳು ಅನೇಕ ಕಡೆ ಬತ್ತಿದವು, ಹೂಳಿನಿಂದಲೋ ಕಸದಿಂದಲೋ ತುಂಬಿದವು. ಹೀಗೆ ಪಾಠಶಾಲೆ ಮುಚ್ಚಿತು. ಅಪಾಯ ಮಾತ್ರ ಉಳಿಯಿತು. ಮಹಾರಾಷ್ಟ್ರದ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟಿ ಬೀದರ ಜಿಲ್ಲೆಯನ್ನು ಹಾದು ಗೋದಾವರಿಯನ್ನು ಸೇರುವ ಮಾಂಜ್ರಾ ನದಿ ಮಳೆಗಾಲದಲ್ಲಿ ಉಕ್ಕುತ್ತದೆ. ಭಾಲ್ಕಿ ತಾಲೂಕಿನಲ್ಲಿ ಕಾರಂಜಾ ನದಿಗೆ ಕಟ್ಟಿದ ಜಲಾಶಯವಿದೆ. ಊರೂರಿಗೆ ಕೆರೆಗಳೂ ಕೃಷಿಹೊಂಡಗಳೂ ಇವೆ. ನೀರು ಇದೆ, ಈಜು ಇಲ್ಲ ಎಂಬ ಈ ವೈಪರೀತ್ಯವೇ ಚಿಂತನಾರ್ಹವಾದುದು.

ಈ ಮಾತು ಕೇವಲ ಕಳವಳದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ ೨೦೨೧ರಲ್ಲಿ ಜಗತ್ತಿನಾದ್ಯಂತ ಸುಮಾರು ೩,೦೦,೦೦೦ ಮಂದಿ ನೀರಿನಲ್ಲಿ ಮುಳುಗಿ ಮೃತರಾದರು. ಐದರಿಂದ ಹದಿನಾಲ್ಕು ವರ್ಷದ ಮಕ್ಕಳ ಮರಣಕಾರಣಗಳಲ್ಲಿ ಇದಕ್ಕೆ ಮೂರನೆಯ ಸ್ಥಾನ. ಭಾರತದಲ್ಲಿ ೨೦೨೨ರ ಒಂದೇ ವರ್ಷ ೩೮,೦೦೦ಕ್ಕೂ ಹೆಚ್ಚು ಜನ ಹೀಗೆ ಪ್ರಾಣ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಅಂಕಿಗಳು ತಿಳಿಸುತ್ತವೆ. ಈ ಕಾರಣದಿಂದಲೇ ವಿಶ್ವಸಂಸ್ಥೆಯು ೨೦೨೧ರಲ್ಲಿ ನಿರ್ಣಯವೊಂದನ್ನು ಅಂಗೀಕರಿಸಿ ಜುಲೈ ೨೫ನ್ನು ಮುಳುಗಡೆ ತಡೆಯ ವಿಶ್ವದಿನವೆಂದು ಸಾರಿತು.

ಇನ್ನು ಶರೀರವು ನೀರಿನಲ್ಲಿ ತೇಲುವುದಾದರೂ ಹೇಗೆ? ತಾನು ಸ್ಥಾನಾಂತರಿಸಿದ ನೀರಿನ ತೂಕದಷ್ಟು ಆಧಾರವನ್ನು ಮುಳುಗಿದ ವಸ್ತುವು ನೀರಿನಿಂದ ಪಡೆಯುತ್ತದೆಂಬುದು ಆರ್ಕಿಮಿಡೀಸನ ಸಿದ್ಧಾಂತ. ಬೀದರದ ಝರಣಿ ನರಸಿಂಹ ಕ್ಷೇತ್ರದ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಪಡೆದ ಭಕ್ತರಿಗೆ ಈ ತತ್ತ್ವ ಅನುಭವದಿಂದಲೇ ವೇದ್ಯ. ಅಲ್ಲಿ ಹೆಜ್ಜೆಗಳು ಹಗುರಾಗುತ್ತವೆ, ದೇಹ ತಾನಾಗಿಯೇ ಮೇಲೇಳುವಂತೆ ತೋರುತ್ತದೆ. ನಡುಮಟ್ಟದ ನೀರಿನಲ್ಲಿ ನಿಂತವನ ಕಾಲುಗಳ ಮೇಲಿನ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕುತ್ತಿಗೆಯವರೆಗಿನ ನೀರಿನಲ್ಲಿ ಹತ್ತನೆಯ ಒಂದು ಪಾಲಿನಷ್ಟೇ ಉಳಿಯುತ್ತದೆ. ಶ್ವಾಸಕೋಶಗಳಲ್ಲಿ ಗಾಳಿ ತುಂಬಿದ್ದಾಗ ಮಾನವದೇಹ ನೀರಿಗಿಂತ ತುಸುವೇ ಹಗುರ. ಆದ ಕಾರಣ ದೇಹದ ಅತ್ಯಲ್ಪ ಭಾಗ ಮಾತ್ರ ನೀರಿನ ಮೇಲಿರಬಲ್ಲದು. ಗಾಬರಿಗೊಂಡವನು ಎರಡೂ ಕೈಗಳನ್ನು ಮೇಲಕ್ಕೆತ್ತಿದರೆ ಅದೇ ಪ್ರಮಾಣದಲ್ಲಿ ಮೂಗುಬಾಯಿಗಳು ಕೆಳಗಿಳಿಯುತ್ತವೆ. ಕೈಗಳನ್ನು ನೀರೊಳಗೇ ಇಟ್ಟು, ಮುಖವನ್ನು ಆಕಾಶಕ್ಕೆ ತಿರುಗಿಸಿ ಅಂಗಾತ ಮಲಗಿದವನನ್ನು ನೀರೇ ಎತ್ತಿ ಹಿಡಿಯುತ್ತದೆ. ಈಜಿನ ಮೊದಲ ಪಾಠ ಕೈಕಾಲು ಬಡಿಯುವುದರಲ್ಲಿಲ್ಲ, ಈ ನೆಮ್ಮದಿಯಲ್ಲಿದೆ.

ಆರೋಗ್ಯದೃಷ್ಟಿಯಿಂದ ನೋಡಿದರೆ ಈಜಿಗೆ ಸಮನಾದ ವ್ಯಾಯಾಮಗಳು ವಿರಳ. ನೀರು ಗಾಳಿಗಿಂತ ಸುಮಾರು ೮೦೦ ಪಟ್ಟು ಸಾಂದ್ರವಾದುದು. ಆದುದರಿಂದ ಕೈಯ ಒಂದೊಂದು ಬೀಸಿಗೂ ಸ್ನಾಯುಗಳು ದುಡಿಯಬೇಕಾಗುತ್ತದೆ. ಹೆಗಲು, ಬೆನ್ನು, ಹೊಟ್ಟೆ, ತೊಡೆ ಎಲ್ಲವೂ ಏಕಕಾಲಕ್ಕೆ ಕೆಲಸಕ್ಕೆ ಬರುತ್ತವೆ. ಎದೆಯ ಮೇಲೆ ನೀರಿನ ಒತ್ತಡವಿರುವುದರಿಂದ ಉಸಿರಾಟದ ಸ್ನಾಯುಗಳಿಗೆ ತಕ್ಕ ಸಾಧನೆ ದೊರೆಯುತ್ತದೆ. ಇಷ್ಟಾದರೂ ಮೊಣಕಾಲು, ಸೊಂಟಗಳ ಕೀಲುಗಳ ಮೇಲೆ ಓಟದಲ್ಲಿ ಬೀಳುವಂಥ ಪೆಟ್ಟು ಇಲ್ಲಿಲ್ಲ. ಸ್ಥೂಲಕಾಯರಿಗೂ, ಕೀಲುನೋವಿನ ಹಿರಿಯರಿಗೂ, ದಿನವಿಡೀ ನಿಂತು ಪಾಠ ಹೇಳುವ ಉಪಾಧ್ಯಾಯರಿಗೂ ಇದು ಹಿತಕರವಾಗಲು ಇದೇ ಕಾರಣ.

ವಯಸ್ಕರಿಗೆ ವಾರಕ್ಕೆ ೧೫೦ ನಿಮಿಷಗಳಷ್ಟು ಮಧ್ಯಮ ಶ್ರಮದ, ಅಥವಾ ೭೫ ನಿಮಿಷಗಳಷ್ಟು ತೀವ್ರ ಶ್ರಮದ ವ್ಯಾಯಾಮ ಕನಿಷ್ಠಪಕ್ಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಸೂಚಿಸಿದೆ. ವಾರದಲ್ಲಿ ಮೂರು ದಿನ, ದಿನಕ್ಕೆ ಅರ್ಧಗಂಟೆಯಿಂದ ಮುಕ್ಕಾಲು ಗಂಟೆ ಈಜುವ ಅಭ್ಯಾಸಿಯು ಈ ಮಿತಿಯನ್ನು ಸುಲಭವಾಗಿ ಮುಟ್ಟಬಲ್ಲನು. ಮೊದಲಿಗನು ಕೊಳದ ಅಡ್ಡಗಲವನ್ನು ಒಮ್ಮೆ ಈಜಿ ದಣಿವಾರಿಸಿಕೊಳ್ಳಬೇಕು. ಉಸಿರು ಸಮನಾದ ಮೇಲೆ ಮತ್ತೊಮ್ಮೆ ಹೊರಡಬೇಕು. ದಿನಗಳೆದಂತೆ ವಿಶ್ರಾಂತಿಯ ಅವಧಿ ಕಡಿಮೆಯಾಗಿ ಈಜಿನ ದೂರ ಹೆಚ್ಚುತ್ತದೆ. ಮುಖ ನೀರಿನಲ್ಲಿರುವಾಗ ಮೆಲ್ಲನೆ ಉಸಿರು ಬಿಡುವುದು, ಮುಖ ಹೊರಳಿದಾಗ ಬಾಯಿಂದ ಉಸಿರೆಳೆಯುವುದು ಇವೇ ಇದರ ಮರ್ಮ. ಮುಕ್ತಶೈಲಿ, ಬೆನ್ನೀಜು, ಎದೆಯೀಜು, ಚಿಟ್ಟೆಯೀಜು ಎಂದು ಸ್ಪರ್ಧೆಗಳಲ್ಲಿ ನಾಲ್ಕು ಶೈಲಿಗಳಿದ್ದರೂ ಆರೋಗ್ಯಾರ್ಥಿಗೆ ಮೊದಲ ಮೂರು ಧಾರಾಳ ಸಾಕು. ಹೃದ್ರೋಗ, ಮೂರ್ಛೆರೋಗ ಇರುವವರು ವೈದ್ಯರ ಸಲಹೆಯಿಲ್ಲದೆ ನೀರಿಗಿಳಿಯಕೂಡದು.

ಸಾರ್ವಜನಿಕ ಈಜುಕೊಳಗಳಲ್ಲಿ ಸಾಮಾನ್ಯವಾಗಿ ೨೫ ಮೀಟರ್ ಅಥವಾ ೫೦ ಮೀಟರ್ ಉದ್ದದವು ಕಂಡುಬರುತ್ತವೆ. ಒಲಿಂಪಿಕ್ ಪ್ರಮಾಣದ ಕೊಳ ೫೦ ಮೀಟರ್ ಉದ್ದ, ೨೫ ಮೀಟರ್ ಅಗಲವುಳ್ಳದ್ದು. ರೋಗಾಣುಗಳನ್ನು ನಾಶಮಾಡಲು ನೀರಿಗೆ ಕ್ಲೋರಿನ್ ಬೆರೆಸುತ್ತಾರೆ. ಕೊಳದ ಬಳಿ ಕಣ್ಣುರಿಸುವ ಘಾಟು ಬಂದರೆ ನೀರು ಬಹಳ ಶುದ್ಧವಾಗಿದೆಯೆಂದು ಅನೇಕರು ಭಾವಿಸುವುದುಂಟು. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ಬೆವರು, ಮೂತ್ರ ಮೊದಲಾದ ಮಲಿನಗಳೊಡನೆ ಕ್ಲೋರಿನ್ ಕೂಡಿ ಉಂಟಾಗುವ ಸಂಯುಕ್ತಗಳಿಂದಲೇ ಆ ಘಾಟು ಹುಟ್ಟುತ್ತದೆ. ಕೊಳಕ್ಕಿಳಿಯುವ ಮುನ್ನ ಸ್ನಾನ ಮಾಡಬೇಕೆಂಬ ನಿಯಮದ ಔಚಿತ್ಯ ಇದರಿಂದ ವಿದಿತವಾಗುತ್ತದೆ.

ತೆರೆದ ಜಲದ ಈಜು ಇನ್ನೂ ಉಲ್ಲಾಸಕರ. ಅಷ್ಟೇ ಎಚ್ಚರವನ್ನೂ ಬೇಡುತ್ತದೆ. ಮಿಹಿರ್ ಸೇನ್ ೧೯೫೮ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಮೊದಲ ಭಾರತೀಯನೆನಿಸಿದನು. ಮರುವರ್ಷವೇ ಹತ್ತೊಂಬತ್ತರ ತರುಣಿ ಆರತಿ ಸಾಹಾ ಅದನ್ನು ದಾಟಿ ಏಷ್ಯಾ ಖಂಡದ ಪ್ರಥಮ ಮಹಿಳೆಯೆಂಬ ಕೀರ್ತಿಗೆ ಪಾತ್ರಳಾದಳು. ಅಂಥವರ ಜೊತೆಗೂ ಕಾವಲಿನ ದೋಣಿಯಿರುತ್ತಿತ್ತೆಂಬುದನ್ನು ಸಾಹಸಪ್ರಿಯ ತರುಣರು ಮರೆಯಲಾಗದು. ಕೆರೆಯ ತಳದಲ್ಲಿ ಕಾಲು ಹೂತುಹೋಗುವ ಕೆಸರಿರುತ್ತದೆ. ಮಣ್ಣು ತೆಗೆದ ಕಡೆ ಹಠಾತ್ತನೆ ಗುಂಡಿ ಎದುರಾಗುತ್ತದೆ. ಜಲಾಶಯದ ಬಾಗಿಲುಗಳ ಬಳಿ ಸೆಳವು ಕಣ್ಣಿಗೆ ಕಾಣದು. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಇಳಿಜಾರು ಜಾರುವುದರಿಂದ ಬಿದ್ದವನು ಮೇಲೆ ಹತ್ತಲಾರನು. ಬಹುಕಾಲ ಬಳಕೆಯಲ್ಲಿಲ್ಲದ ಬಾವಿಯಲ್ಲಿ ವಿಷಾನಿಲವಿರಬಹುದು. ಬೆಚ್ಚಗಿನ ನಿಂತ ನೀರು ಮೂಗಿನೊಳಗೆ ನುಗ್ಗಿದಾಗ ಅಪರೂಪವಾಗಿಯಾದರೂ ಮಿದುಳಿಗೆ ಮಾರಕವಾಗುವ ಅಮೀಬಾ ಸೋಂಕು ತಗಲುವುದುಂಟು. ನೆರೆಯ ಕೇರಳದಲ್ಲಿ ೨೦೨೪ ಮತ್ತು ೨೦೨೫ರಲ್ಲಿ ಇಂಥ ಪ್ರಕರಣಗಳು ವರದಿಯಾದವು. ಆದುದರಿಂದ ಅನುಮತಿಯಿರುವ, ಆಳ ತಿಳಿದಿರುವ, ಹರಿವು ಶಾಂತವಾಗಿರುವ ಸ್ಥಳದಲ್ಲಿ, ಬಲ್ಲವರ ಸಂಗಡ ಮಾತ್ರ ಇಳಿಯತಕ್ಕದ್ದು. ಒಬ್ಬಂಟಿ ಈಜು ನಿಪುಣನಿಗೂ ಸಲ್ಲದು.

ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನನು ಮಂತ್ರಬಲದಿಂದ ವೈಶಂಪಾಯನ ಸರೋವರದೊಳಗೆ ಅಡಗಿರುತ್ತಾನೆ. ಮಂತ್ರವರಿಯದ ಮಾನವನಿಗಾದರೋ ಉಸಿರಿಲ್ಲದ ನಾಲ್ಕಾರು ನಿಮಿಷಗಳೇ ಮಿದುಳಿಗೆ ಹಾನಿ ತರಲು ಸಾಕು. ಮುಳುಗುವವನು ಕೂಗಿ ಕರೆಯುತ್ತಾನೆಂಬುದೂ ತಪ್ಪು ಕಲ್ಪನೆ. ಬಹುತೇಕ ಸಂದರ್ಭಗಳಲ್ಲಿ ಅವನು ನಿಶ್ಶಬ್ದವಾಗಿಯೇ ಮುಳುಗುತ್ತಾನೆ, ಏಕೆಂದರೆ ಉಸಿರಿಗೇ ಸಾಲದ ಬಾಯಿ ಕೂಗಿಗೆ ಒದಗದು. ಅವನನ್ನು ಕಂಡೊಡನೆ ನೀರಿಗೆ ಹಾರುವುದು ಪ್ರೀತಿಯ ಲಕ್ಷಣವಾದೀತು, ವಿವೇಕದ ಲಕ್ಷಣವಾಗದು. ಒಬ್ಬನನ್ನು ಉಳಿಸಹೋಗಿ ಮತ್ತಿಬ್ಬರು ಮಡಿದ ದುರಂತಗಳು ನಾಡಿನಲ್ಲಿ ಮೇಲಿಂದ ಮೇಲೆ ಸಂಭವಿಸುತ್ತಿವೆ. ದಡದಲ್ಲಿ ನಿಂತೇ ಹಗ್ಗ, ಸೀರೆ, ಧೋತರ, ಬಿದಿರುಗಳ ಪೈಕಿ ಕೈಗೆ ಸಿಕ್ಕಿದ್ದನ್ನು ಚಾಚಬೇಕು. ಖಾಲಿ ಪ್ಲಾಸ್ಟಿಕ್ ಕೊಡವನ್ನು ಎಸೆದರೂ ಅದು ಆಸರೆಯಾಗುತ್ತದೆ. ಮೇಲೆತ್ತಿದ ಮೇಲೆ ಉಸಿರಾಟವಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಊದುವುದನ್ನೂ ಎದೆ ಒತ್ತುವುದನ್ನೂ ತಡಮಾಡದೆ ಆರಂಭಿಸಬೇಕು. ಹೊಟ್ಟೆ ಒತ್ತಿ ನೀರು ಕಕ್ಕಿಸುವುದರಲ್ಲಿ, ತಲೆಕೆಳಗಾಗಿ ತಿರುಗಿಸುವುದರಲ್ಲಿ ಕಾಲ ಕಳೆಯಬಾರದು.

ಈ ವಿದ್ಯೆಯನ್ನು ಮಕ್ಕಳಿಗೆ ಕಲಿಸಲು ಅಮೃತಶಿಲೆಯ ಕೊಳವೇ ಬೇಕೆಂಬ ನಿಯಮವಿಲ್ಲ. ನೆರೆಯ ಬಾಂಗ್ಲಾದೇಶದಲ್ಲಿ ಹಳ್ಳಿಯ ಹೊಂಡಗಳೊಳಗೇ ಬಿದಿರಿನ ಅಟ್ಟಣೆ ಕಟ್ಟಿ, ಆಳವನ್ನು ಮಿತಗೊಳಿಸಿ, ತರಬೇತಿ ಪಡೆದ ಊರಿನವರಿಂದಲೇ ಮಕ್ಕಳಿಗೆ ಈಜು ಕಲಿಸಿದರು. ೨೫ ಮೀಟರ್ ಈಜುವುದು, ೩೦ ಸೆಕೆಂಡು ತೇಲುವುದು, ದಡದಿಂದಲೇ ಇನ್ನೊಬ್ಬರಿಗೆ ನೆರವಾಗುವುದು ಇವಿಷ್ಟೇ ಗುರಿ. ಹೀಗೆ ಕಲಿತ ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇಕಡಾ ೯೦ಕ್ಕೂ ಮಿಗಿಲಾಗಿ ತಗ್ಗಿತೆಂದು ೨೦೧೨ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸೋರೆಬುರುಡೆ ಕಟ್ಟಿ ಬಾವಿಗಿಳಿಸಿದ ಈ ನೆಲದ ಹಿರಿಯರ ಕ್ರಮಕ್ಕೂ ಇದಕ್ಕೂ ಇರುವ ಸಾದೃಶ್ಯ ಗಮನಾರ್ಹ.

ಕರ್ನಾಟಕದ ಈಜುಗಾರರು ಜಗತ್ತಿನ ವೇದಿಕೆಯನ್ನು ಏರಿದ್ದಾರೆ. ನಿಶಾ ಮಿಲ್ಲೆಟ್ ೨೦೦೦ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿಯೂ, ಶ್ರೀಹರಿ ನಟರಾಜ್ ಟೋಕಿಯೊ ಹಾಗೂ ಪ್ಯಾರಿಸ್‌ಗಳಲ್ಲಿಯೂ, ಹದಿನಾಲ್ಕರ ಬಾಲೆ ಧಿನಿಧಿ ದೇಸಿಂಗು ೨೦೨೪ರ ಪ್ಯಾರಿಸ್‌ನಲ್ಲಿಯೂ ಭಾರತವನ್ನು ಪ್ರತಿನಿಧಿಸಿದರು. ಇವರಲ್ಲಿ ನಿಶಾ ಬಾಲ್ಯದಲ್ಲಿ ನೀರಿನಲ್ಲಿ ಮುಳುಗುವ ಅಪಾಯದಿಂದ ಪಾರಾದವರು. ಆ ಭಯವನ್ನು ಗೆಲ್ಲಲೆಂದೇ ಈಜು ಕಲಿತವರು. ಭಯವು ವಿದ್ಯೆಗೆ ಅಡ್ಡಿಯಾಗುವಂತೆ ಪ್ರೇರಣೆಯೂ ಆಗಬಲ್ಲದೆಂಬುದಕ್ಕೆ ಇದು ನಿದರ್ಶನ. ಆದರೆ ಈ ಮೂವರೂ ಪಳಗಿದ್ದು ಬೆಂಗಳೂರಿನ ಕೊಳಗಳಲ್ಲಿ. ರಾಜ್ಯದ ಉತ್ತರದ ತುದಿಯಾದ ಔರಾದ, ಭಾಲ್ಕಿಗಳ ಹಳ್ಳಿಯ ಮಗುವಿಗೆ ಪದಕದ ಕನಸು ಹಾಗಿರಲಿ, ಹತ್ತು ಮಾರು ಈಜುವ ಅವಕಾಶವೂ ದುರ್ಲಭ.

ಇದಕ್ಕೆ ಪರಿಹಾರ ವಿದ್ಯಾಸಂಸ್ಥೆಗಳ ಕೈಯಲ್ಲಿದೆ. ಉಪಾಧ್ಯಾಯರು ಮುಳುಗುವವನಿಗೆ ದಡದಿಂದ ನೆರವಾಗುವ ಕ್ರಮವನ್ನು ತರಗತಿಯಲ್ಲಿಯೇ ಕಲಿಸಬಹುದು. ಅದಕ್ಕೆ ಒಂದು ಹಗ್ಗ, ಒಂದು ಕೊಡ ಸಾಕು. ಹಳೆಯ ವಿದ್ಯಾರ್ಥಿಗಳಲ್ಲಿ ಬಾವಿಯಲ್ಲಿ ಈಜು ಕಲಿತ ಹಿರಿಯ ತಲೆಮಾರು ಇನ್ನೂ ಇದೆ. ತರಬೇತಿ ಪಡೆದ ಶಿಕ್ಷಕರೊಡನೆ ಅವರೂ ನಿಂತರೆ ಬೇಸಗೆಯ ಶಿಬಿರಗಳು ಸಾಧ್ಯ. ದಾನಿಗಳು ಕಟ್ಟಿಸುವ ಕೊಠಡಿಗಳ ಪಕ್ಕದಲ್ಲಿ ಎದೆಮಟ್ಟದ ಒಂದು ಪುಟ್ಟ ಕೊಳವಿದ್ದರೆ, ಊರಿನ ಸುಸ್ಥಿತಿಯ ಬಾವಿಯೊಂದಕ್ಕೆ ಮೆಟ್ಟಿಲು, ಕಟಕಟೆ, ಕಾವಲುಗಾರನ ವ್ಯವಸ್ಥೆಯಾದರೆ ಅದೂ ವಿದ್ಯಾದಾನವೇ. ಬಾಲಿಕೆಯರಿಗೆ ಪ್ರತ್ಯೇಕ ವೇಳೆಯನ್ನೂ ಶಿಕ್ಷಕಿಯನ್ನೂ ಒದಗಿಸುವುದು ಅತ್ಯವಶ್ಯ. ನೀರು ತರಲು, ಬಟ್ಟೆ ಒಗೆಯಲು ಕೆರೆಬಾವಿಗಳ ಅಂಚಿಗೆ ಹೋಗುವವರು ಹೆಚ್ಚಾಗಿ ಅವರೇ ಅಲ್ಲವೆ?

ಅನ್ನದಾನದಿಂದ ಒಂದು ಹೊತ್ತಿನ ಹಸಿವು ಹಿಂಗುತ್ತದೆ. ಅಕ್ಷರದಾನದಿಂದ ಬಾಳು ಬೆಳಗುತ್ತದೆ. ಬೆಳಗಬೇಕಾದ ಬಾಳೇ ಹದಿಹರೆಯದಲ್ಲಿ ನೀರುಪಾಲಾದರೆ ಅಕ್ಷರ ಯಾರಿಗೆ? ಹಿಂದೆ ಹಗ್ಗದ ಒಂದು ತುದಿಯನ್ನು ಮನೆಯ ಹಿರಿಯರು ಹಿಡಿದು ನಿಂತಿದ್ದರು. ಇಂದು ಆ ತುದಿಯನ್ನು ಹಿಡಿಯುವ ಹೊಣೆ ಶಾಲೆಯದು, ಸಮಾಜದ್ದು. ಈ ಹೊಣೆಯನ್ನು ಬಲ್ಲವರು ಬೇಗನೆ ಹೊತ್ತಷ್ಟೂ ಮಕ್ಕಳಿಗೆ ಕ್ಷೇಮ.