ಕರ್ತೃ ಮತ್ತು ಹೊಣೆ: ಸ್ಥಳೀಯ ಸೇವಾ ವ್ಯವಹಾರಗಳ ಜಾಲತಾಣದ ಭಾಷೆ
(ಬೆಳಗಾವಿ–ಖಾನಾಪುರ ಪರಿಸರವನ್ನು ಅನುಲಕ್ಷಿಸಿ)

ಮನೆ ದುರಸ್ತಿಯಂತಹ ಸೇವಾ ವ್ಯವಹಾರದ ಜಾಲತಾಣವನ್ನು ತೆರೆಯುವವರು ಓದುವ ಬಿಡುವಿನಿಂದ ಬಂದವರಲ್ಲ, ತೊಂದರೆಯಿಂದ ಬಂದವರು. ಸಹ್ಯಾದ್ರಿಯ ಮಗ್ಗುಲಲ್ಲಿರುವ ಖಾನಾಪುರ ತಾಲೂಕಿನಲ್ಲಿ ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಹಂಚಿನ ಮನೆಯ ಸೋರಿಕೆ ನಾಳೆಗೆ ತಳ್ಳುವ ಸಂಗತಿಯಾಗಿ ಉಳಿಯುವುದಿಲ್ಲ. ಅಂತಹ ಮನೆಯವರಿಗೆ ಬೇಕಾದುದು ಮೂರು ಉತ್ತರಗಳು: ಯಾರು ಬರುತ್ತಾರೆ, ಯಾವಾಗ ಬರುತ್ತಾರೆ, ಖರ್ಚು ಎಷ್ಟು. ಇವನ್ನು ಮೊದಲು ಹೇಳುವ ಬರಹವೇ ಗ್ರಾಹಕಕೇಂದ್ರಿತ ಬರಹ.

ಇಂತಹ ಪುಟಗಳಲ್ಲಿ 'ಉತ್ತಮ ಗುಣಮಟ್ಟದ ಸೇವೆಯನ್ನು ಒದಗಿಸಲಾಗುವುದು' ಎಂಬ ವಾಕ್ಯಮಾದರಿ ಸಾಮಾನ್ಯ. ಕಚೇರಿಯ ಸುತ್ತೋಲೆಗೆ ಒಗ್ಗಿದ ಈ ಕರ್ಮಣಿ ಪ್ರಯೋಗದಲ್ಲಿ ಕರ್ತೃ ಮರೆಯಾಗುತ್ತಾನೆ. ಅವನೊಡನೆ ಹೊಣೆಯೂ ಮರೆಯಾಗುತ್ತದೆ. ಅದಕ್ಕೆ ಬದಲಾಗಿ, 'ಫೋನ್ ಮಾಡಿದ ಮರುದಿನ ನಮ್ಮ ಕೆಲಸಗಾರರು ಬಂದು ಹಂಚು ನೋಡುತ್ತಾರೆ, ಖರ್ಚನ್ನು ಬರೆದುಕೊಡುತ್ತಾರೆ, ನೀವು ಒಪ್ಪಿದ ಮೇಲೆಯೇ ಕೆಲಸ ಹಿಡಿಯುತ್ತಾರೆ' ಎಂದಾಗ ಮಾತು ವಚನವಾಗುತ್ತದೆ. ಕನ್ನಡದ ಕ್ರಿಯಾಪದವೇ ಪುರುಷ, ವಚನಗಳನ್ನು ಸೂಚಿಸುವುದರಿಂದ 'ನೀವು' ಎಂಬುದನ್ನು ವಾಕ್ಯವಾಕ್ಯಕ್ಕೂ ಹೇರಬೇಕಾಗಿಲ್ಲ. 'ತಿಳಿಸಿರಿ' ಎಂಬ ಒಂದೇ ರೂಪದಲ್ಲಿ ಸಂಬೋಧನೆಯೂ ಗೌರವವೂ ಅಡಗಿವೆ.

ಪದಗಳ ಆಯ್ಕೆಯೂ ಇಷ್ಟೇ ಮುಖ್ಯ. 'ಜಲನಿರೋಧಕ ಪರಿಹಾರಗಳು' ಎಂಬ ಶೀರ್ಷಿಕೆ ಮಾರುವವನ ಮಾತು; 'ಮನೆ ಸೋರುತ್ತಿದೆಯೇ?' ಎಂಬುದು ಮನೆಯವರ ಮಾತು. ಹುಡುಕುವವರು ತಮ್ಮ ಮಾತಿನಲ್ಲಿಯೇ ಹುಡುಕುತ್ತಾರೆ.

ಸ್ಥಳನಾಮಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. 2014ರ ನವೆಂಬರ್ 1ರಿಂದ ನಗರದ ಅಧಿಕೃತ ಹೆಸರು ಬೆಳಗಾವಿ. ಬೆಲ್‌ಗಾಮ್, ಬೆಳಗಾಂವ ಎಂಬ ರೂಪಗಳೂ ಬಳಕೆಯಲ್ಲಿವೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿಯೂ ಖಾನಾಪುರವಿರುವುದರಿಂದ ಜಿಲ್ಲೆಯ ಹೆಸರನ್ನು ಬರೆಯದೆ ಗತ್ಯಂತರವಿಲ್ಲ. 'ಸುತ್ತಮುತ್ತಲಿನ ಪ್ರದೇಶಗಳು' ಎನ್ನುವುದಕ್ಕಿಂತ ಟಿಳಕವಾಡಿ, ಶಹಾಪುರ, ನಂದಗಡ, ಜಾಂಬೋಟಿ ಎಂದು ಹೆಸರಿಸುವುದು ಲೇಸು. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಗೆ ಹೋಗಿಬರುವ ಖರ್ಚು ಬೇರೆಯಿದ್ದರೆ ಅದನ್ನೂ ಮೊದಲೇ ತಿಳಿಸಬೇಕು. ಮರಾಠಿ ಮಾತೃಭಾಷಿಕರು ಬಹುಸಂಖ್ಯೆಯಲ್ಲಿರುವ ಈ ಪರಿಸರದಲ್ಲಿ ಕನ್ನಡ ಪುಟದ ಜೊತೆಗೆ ಮರಾಠಿ ಪುಟವೂ ಇರುವುದು ಉಚಿತ. ಎರಡೂ ಇಂಗ್ಲಿಷಿನ ನೆರಳಾಗದೆ ಆಯಾ ಭಾಷೆಯಲ್ಲಿಯೇ ಹುಟ್ಟಿದ ಬರಹಗಳಾಗಿರಬೇಕು.

ಜಾಲತಾಣದ ಮಾತಿಗೆ ಕಾನೂನಿನ ಕಟ್ಟೂ ಇದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಜಾಲತಾಣದ ಪ್ರಚಾರವೂ ಜಾಹೀರಾತೇ. ಅದು ದಾರಿತಪ್ಪಿಸುವಂತಿದ್ದರೆ ಕ್ರಮಕ್ಕೆ ಒಳಪಡುತ್ತದೆ. ಮಳೆಗಾಲದಲ್ಲಿ ಆಗುವುದು ತಾತ್ಕಾಲಿಕ ದುರಸ್ತಿ ಮಾತ್ರ ಎಂದಾದರೆ ಹಾಗೆಯೇ ಬರೆಯಬೇಕು. ಒಮ್ಮೆ ಮೋಸವೆನಿಸಿದ ಮಾತನ್ನು ಊರು ಬೇಗನೆ ಮರೆಯುವುದಿಲ್ಲ.

ಒಟ್ಟಿನಲ್ಲಿ, ಗ್ರಾಹಕನನ್ನು ಹೊಗಳುವುದರಿಂದ ಬರಹವು ಗ್ರಾಹಕಕೇಂದ್ರಿತವಾಗುವುದಿಲ್ಲ. ಮಾಡುವವನು ಯಾರೆಂಬುದನ್ನು ವಾಕ್ಯದಲ್ಲಿ ಕಾಣಿಸುವುದರಿಂದ ಆಗುತ್ತದೆ. ವ್ಯಾಕರಣದ ಕರ್ತೃವೇ ಇಲ್ಲಿ ವ್ಯವಹಾರದ ಹೊಣೆಗಾರನೂ ಆಗಿದ್ದಾನೆ.