ಟರ್ಬೊ ಕಾರಿನ ಗಣಕವೂ ಇಂಧನದ ಲೆಕ್ಕವೂ

ಶಾಸನ, ಕಡತ, ದಿನಚರಿಗಳನ್ನು ಒರೆಹಚ್ಚಿ ನೋಡುವ ಕ್ರಮ ನಮ್ಮ ಇತಿಹಾಸ ವ್ಯಾಸಂಗದಲ್ಲಿ ಚೆನ್ನಾಗಿ ಬೆಳೆದಿದೆ. ಯಂತ್ರಗಳು ತಾವಾಗಿಯೇ ತೋರಿಸಿದ ಅಂಕಿಗಳ ವಿಷಯದಲ್ಲಿ ಈ ಎಚ್ಚರ ಅಷ್ಟಾಗಿ ಕಂಡುಬರುವುದಿಲ್ಲ. ಅಂಕಿಯೆಂದೊಡನೆ ಅದನ್ನು ಅಳತೆಯೆಂದೇ ನಂಬಿಬಿಡುತ್ತೇವೆ. ಆ ನಂಬಿಕೆಯನ್ನು ಪರೀಕ್ಷಿಸಲು 1984ರಿಂದ 1988ರವರೆಗೆ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಓಡಿದ ಟರ್ಬೊ ಕಾರುಗಳ ಇಂಧನಸೂಚಿ ಬಹಳ ಉಪಯುಕ್ತವಾದ ಉದಾಹರಣೆ. ಇದನ್ನು ವಿವೇಚಿಸುವುದಕ್ಕೆ ಮೊದಲು ಯಂತ್ರದ ವ್ಯಾಪಾರವನ್ನು ಕೊಂಚ ತಿಳಿಯಬೇಕಾಗುತ್ತದೆ.

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿಗೆ ಜೋಡಿಸಿದ ಇನ್ನೊಂದು ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುವ ಸಾಧನವೇ ಟರ್ಬೊ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಚಿಕ್ಕ ಎಂಜಿನ್ನಿನಿಂದ ದೊಡ್ಡ ಶಕ್ತಿಯನ್ನು ಪಡೆಯಬಹುದು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಆದರೆ ಒತ್ತಲ್ಪಟ್ಟ ಗಾಳಿ ಬಿಸಿಯಾಗುತ್ತದೆ. ಆ ಬಿಸಿಯಲ್ಲಿ ಮಿಶ್ರಣದ ಒಂದು ಭಾಗ ಜ್ವಾಲೆ ತನ್ನನ್ನು ಮುಟ್ಟುವ ಮೊದಲೇ ತಾನಾಗಿ ಸಿಡಿದರೆ ಪಿಸ್ಟನ್ನುಗಳು ತೂತು ಬೀಳಬಹುದು. ಮೆಕ್ಯಾನಿಕರು ನಾಕಿಂಗ್ ಎನ್ನುವುದು ಇದನ್ನೇ. ಇದನ್ನು ತಡೆಯಲು ಉರಿಯುವುದಕ್ಕೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲನ್ನು ಚಿಮ್ಮಿಸುವುದುಂಟು. ಆವಿಯಾಗುವಾಗ ಅದು ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಅಂದರೆ ಟರ್ಬೊ ಎಂಜಿನ್ನಿನಲ್ಲಿ ಪೆಟ್ರೋಲು ಉರುವಲೂ ಹೌದು, ತಂಪುಕಾರಕವೂ ಹೌದು. ಅದನ್ನು ಉಳಿಸಹೊರಟವನು ಎಂಜಿನ್ನನ್ನೇ ಕಳೆದುಕೊಳ್ಳುವ ಅಪಾಯವಿದೆ.

ಪಂದ್ಯದ ನಿಯಮಗಳು ಈ ಇಕ್ಕಟ್ಟನ್ನು ಇನ್ನಷ್ಟು ಬಿಗಿಗೊಳಿಸಿದುವು. 1977ರಲ್ಲಿ ರೆನೊ ಸಂಸ್ಥೆ 1.5 ಲೀಟರ್ ಗಾತ್ರದ ಟರ್ಬೊ ಎಂಜಿನ್ನನ್ನು ಕಣಕ್ಕಿಳಿಸಿದ ಮೇಲೆ ಶಕ್ತಿ ಏರುತ್ತಲೇ ಹೋಗಿ, 1986ರ ವೇಳೆಗೆ ಅರ್ಹತಾ ಸುತ್ತುಗಳಲ್ಲಿ 1,000 ಅಶ್ವಶಕ್ತಿಯನ್ನು ಮೀರಿದ್ದಿತು. ಅದಕ್ಕೆ ಕಡಿವಾಣವಾಗಿ 1984ರಲ್ಲಿ ಪಂದ್ಯದ ನಡುವೆ ಇಂಧನ ತುಂಬುವುದನ್ನು ನಿಷೇಧಿಸಿ, ಇಡೀ ಪಂದ್ಯಕ್ಕೆ 220 ಲೀಟರ್ ಎಂದು ಗೊತ್ತುಮಾಡಲಾಯಿತು. 1986ರಲ್ಲಿ ಇದು 195 ಲೀಟರಿಗೂ, 1988ರಲ್ಲಿ 150 ಲೀಟರಿಗೂ ಇಳಿಯಿತು. ಮಿತಿಯನ್ನು ತೂಕದಲ್ಲಲ್ಲದೆ ಗಾತ್ರದಲ್ಲಿ ಹೇಳಿದ್ದರಿಂದ, ಪೆಟ್ರೋಲನ್ನು ಚೆನ್ನಾಗಿ ತಣಿಸಿ ಕುಗ್ಗಿಸಿ ತುಂಬುವ ಉಪಾಯವನ್ನು ಕೆಲವರು ಒಡನೆ ಕಂಡುಕೊಂಡರು. ಒಂದು ಡಿಗ್ರಿಗೆ ಪೆಟ್ರೋಲಿನ ಗಾತ್ರ ಸಾವಿರದಲ್ಲಿ ಸುಮಾರು ಒಂದು ಪಾಲು ಬದಲಾಗುತ್ತದೆ. ಮೂವತ್ತು ಡಿಗ್ರಿ ತಣಿಸಿದರೆ ನೂರಕ್ಕೆ ಮೂರು ಪಾಲು ಲಾಭ. ಶಾಸನಕಾರನ ಪದಗಳನ್ನು ಹಿಡಿದು ಅವನ ಉದ್ದೇಶವನ್ನು ತಪ್ಪಿಸುವುದು ಕಂದಾಯದ ಇತಿಹಾಸ ಓದಿದವರಿಗೆ ಹೊಸ ಸಂಗತಿಯೇನೂ ಅಲ್ಲ.

ಯಾವ ವೇಗದಲ್ಲಿ, ಯಾವ ಒತ್ತಡದಲ್ಲಿ ಎಷ್ಟು ಪೆಟ್ರೋಲು ಬೇಕೆಂಬುದನ್ನು ಕ್ಷಣಕ್ಷಣಕ್ಕೂ ನಿರ್ಣಯಿಸಲು ಗಣಕ ಬಂದುದು ಈ ಸಂದರ್ಭದಲ್ಲಿಯೇ. ಮೆಕ್‌ಲಾರೆನ್ ತಂಡಕ್ಕಾಗಿ ಪೋರ್ಷೆ ನಿರ್ಮಿಸಿದ ಟ್ಯಾಗ್ ಎಂಜಿನ್ನಿಗೆ ಬಾಷ್ ಸಂಸ್ಥೆಯ ಮೋಟ್ರಾನಿಕ್ ಗಣಕವನ್ನು ಅಳವಡಿಸಲಾಗಿತ್ತು. (ಬೆಂಗಳೂರಿಗೆ ಈ ಸಂಸ್ಥೆ ಅಪರಿಚಿತವಲ್ಲ, 1951ರಲ್ಲಿ ಇಲ್ಲಿ ಸ್ಥಾಪಿತವಾಗಿ ಡೀಸೆಲ್ ಪಂಪುಗಳಿಂದ ಹೆಸರಾದ ಮೈಕೋ ಅದರ ಅಂಗವೇ.) ಆ ಕಾಲದ ಇಂಥ ಗಣಕಗಳಲ್ಲಿ ಇಂಧನದ ಕೋಷ್ಟಕವು ಒಂದು ಚಿಪ್‌ನಲ್ಲಿ ಅಚ್ಚಾಗಿರುತ್ತಿತ್ತು. ಎಂಜಿನ್ನಿನ ನಡತೆಯನ್ನು ಬದಲಿಸಬೇಕಾದರೆ ಆ ಚಿಪ್ಪನ್ನು ಕಿತ್ತು ಬೇರೊಂದನ್ನು ಕೂಡಿಸಿದರೆ ಸಾಕು. ಅರ್ಹತಾ ಸುತ್ತಿಗೊಂದು, ಪಂದ್ಯಕ್ಕೊಂದು ಕೋಷ್ಟಕವನ್ನು ಬಳಸಬಹುದಾಗಿತ್ತು.

ಮುಖ್ಯವಾದ ಮಾತು ಇನ್ನು ಮುಂದಿದೆ. ಚಾಲಕನ ಮುಂದೆ ಮೂಡುತ್ತಿದ್ದ ಇಂಧನದ ಅಂಕಿ ಟ್ಯಾಂಕಿನೊಳಗೆ ಇಳಿದು ಅಳೆದದ್ದಲ್ಲ. ತಿರುವಿನಿಂದ ತಿರುವಿಗೆ ಟ್ಯಾಂಕಿನಲ್ಲಿ ತುಳುಕಾಡುವ ದ್ರವವನ್ನು ತೇಲುಗುಂಡಿನಿಂದ ನಿಷ್ಕೃಷ್ಟವಾಗಿ ಅಳೆಯಲಾಗದು. ಆದುದರಿಂದ ಗಣಕವು ತಾನು ಇಂಜೆಕ್ಟರುಗಳನ್ನು ಎಷ್ಟು ಹೊತ್ತು ತೆರೆದಿಟ್ಟೆನೆಂಬುದನ್ನು ಕೂಡಿಸುತ್ತ ಹೋಗಿ, ಅದನ್ನು ಇಂಜೆಕ್ಟರಿನ ನಿಗದಿಯಾದ ಹರಿವಿನಿಂದ ಗುಣಿಸಿ, ಆರಂಭದ ಮೊತ್ತದಿಂದ ಕಳೆಯುತ್ತಿತ್ತು. ಇಂಜೆಕ್ಟರು ಚಿಪ್‌ನಲ್ಲಿ ಬರೆದುದಕ್ಕಿಂತ ಕೊಂಚ ಕಡಮೆ ಹರಿಸಿದರೆ, ಇಂಧನದ ಒತ್ತಡ ಸ್ವಲ್ಪ ಕುಸಿದಿದ್ದರೆ, ತಪ್ಪು ಪ್ರತಿ ಸುತ್ತಿನಲ್ಲಿಯೂ ಬಡ್ಡಿಯಂತೆ ಬೆಳೆಯುತ್ತದೆ. ಒಂದು ಇಂಜೆಕ್ಟರಿಗೆ ಬರೆದ ಕೋಷ್ಟಕವನ್ನು ಇನ್ನೊಂದು ಇಂಜೆಕ್ಟರುಳ್ಳ ಎಂಜಿನ್ನಿಗೆ ಹಾಕಿದರೆ ಮಿಶ್ರಣವೂ ಕೆಡುತ್ತದೆ, ಲೆಕ್ಕವೂ ಕೆಡುತ್ತದೆ. ಗಣಕಕ್ಕೆ ಮಾತ್ರ ಎರಡೂ ಸರಿಯಾಗಿಯೇ ತೋರುತ್ತವೆ. ರಸ್ತೆಯ ಟರ್ಬೊ ಕಾರಿಗೆ ಬೇರೆ ಮಾದರಿಯ ಗಣಕವನ್ನು ತಂದು ಕೂಡಿಸುವವರು ಎದುರಿಸುವ ತೊಡಕೂ ಇದೇ.

ಇಂಧನದ ಮಿತಿ ಎಷ್ಟು ಬಿಗಿಯಾಗಿತ್ತೆಂಬುದಕ್ಕೆ 1985ರ ಮೇ 5ರ ಇಮೋಲ ಪಂದ್ಯ ಸಾಕ್ಷಿ. ಮುಂದಿದ್ದ ಸೆನ್ನಾ ಕೊನೆಯ ಕೆಲವೇ ಸುತ್ತುಗಳಿರುವಾಗ ಇಂಧನ ಮುಗಿದು ನಿಂತನು. ಅವನ ಸ್ಥಾನಕ್ಕೆ ಬಂದ ಯೊಹಾನ್ಸನ್ನನಿಗೂ ಒಡನೆಯೇ ಅದೇ ಗತಿಯಾಯಿತು. ಮೊದಲು ಗುರಿ ಮುಟ್ಟಿದ ಅಲೇನ್ ಪ್ರೋಸ್ಟನ ಕಾರು ಕನಿಷ್ಠ ತೂಕಕ್ಕೆ ಎರಡು ಕಿಲೋ ಕಡಮೆಯಿದ್ದು ಅನರ್ಹವಾಯಿತು; ಜಯ ದಿ ಆಂಜೆಲಿಸನಿಗೆ ಸಂದಿತು. ಮರುವರ್ಷ ಜುಲೈ 27ರಂದು ಹಾಕನ್‌ಹೈಮಿನಲ್ಲಿ ಪ್ರೋಸ್ಟನ ಕಾರೇ ಕೊನೆಯ ಸುತ್ತಿನಲ್ಲಿ ಇಂಧನ ಮುಗಿದು ನಿಂತಿತು. ಅವನು ಇಳಿದು ಅದನ್ನು ತಳ್ಳತೊಡಗಿದನು.

ಮೂರು ತಿಂಗಳ ಬಳಿಕ, ಅಕ್ಟೋಬರ್ 26ರಂದು, ಆಸ್ಟ್ರೇಲಿಯದ ಅಡಿಲೇಡಿನಲ್ಲಿ ವರ್ಷದ ಕೊನೆಯ ಪಂದ್ಯ ನಡೆಯಿತು. ಅಂಕಗಳಲ್ಲಿ ಮುಂದಿದ್ದ ಮ್ಯಾನ್ಸೆಲ್ಲನ ಟೈರು ಸಿಡಿಯಿತು. ಅದನ್ನು ಕಂಡು ಅವನ ತಂಡ ಪಿಕೆಯನ್ನು ಟೈರು ಬದಲಿಸಲು ಒಳಕ್ಕೆ ಕರೆಯಿತು. ಮುಂದಾದ ಪ್ರೋಸ್ಟನಿಗೆ ಗಣಕವು ಐದು ಲೀಟರ್ ಕೊರತೆಯೆಂದು ತೋರಿಸುತ್ತಿತ್ತು. ಆ ಐದು ಲೀಟರಿನ ಅರ್ಥವನ್ನು ಲೆಕ್ಕಹಾಕಿ ನೋಡಬಹುದು. 82 ಸುತ್ತು, ಸುಮಾರು 310 ಕಿಲೋಮೀಟರ್, 195 ಲೀಟರ್; ಅಂದರೆ ಕಿಲೋಮೀಟರಿಗೆ 0.63 ಲೀಟರ್. ಐದು ಲೀಟರ್ ಕೊರತೆಯೆಂದರೆ ಎಂಟು ಕಿಲೋಮೀಟರ್, ಎರಡು ಸುತ್ತುಗಳಿಗೂ ಮೇಲೆ. ಗಣಕವನ್ನು ನಂಬಿದ್ದರೆ ಅವನು ವೇಗವನ್ನು ಇಳಿಸಿ ಪಿಕೆಗೆ ದಾರಿ ಬಿಡಬೇಕಾಗಿತ್ತು. ಅವನು ಬಿಡಲಿಲ್ಲ, ಸುಮಾರು ನಾಲ್ಕು ಸೆಕೆಂಡುಗಳಿಂದ ಗೆದ್ದು, 72 ಅಂಕಗಳೊಡನೆ ವಿಶ್ವವಿಜೇತನಾದನು. ಮ್ಯಾನ್ಸೆಲ್ಲನಿಗೆ 70, ಪಿಕೆಗೆ 69.

ಗಣಕ ತಪ್ಪಿತೆಂಬುದೇ ಪ್ರಚಲಿತವಾದ ವಿವರಣೆ. ಇದು ಸಂಭವನೀಯವೂ ಹೌದು. 195 ಲೀಟರಿನಲ್ಲಿ ಐದು ಲೀಟರೆಂದರೆ ನೂರಕ್ಕೆ 2.6 ಪಾಲು ಮಾತ್ರ. ಇಂಜೆಕ್ಟರಿನ ಹರಿವಿನಲ್ಲಿ ಅಷ್ಟು ವ್ಯತ್ಯಾಸ ಬರುವುದು ಅಸಾಧ್ಯವಲ್ಲ. ಆದರೆ ಕೊನೆಯಲ್ಲಿ ಚಾಲಕನ ಕಾಲು ಹಗುರವಾದುದರಿಂದಲೂ ಕೊರತೆಯ ಒಂದಂಶ ತುಂಬಿರಬಹುದು. ಅಂಕಿಯೊಂದರಿಂದಲೇ ಇದನ್ನು ತೀರ್ಮಾನಿಸಲಾಗದು. ಇಂಥ ದಾಖಲೆ ಕೈಗೆ ಬಂದಾಗ ಆ ದಿನ ಯಾವ ಚಿಪ್ ಇತ್ತು, ಯಾವ ಇಂಜೆಕ್ಟರುಗಳಿದ್ದುವು, ಇಂಧನವನ್ನು ಎಷ್ಟು ಬಿಸಿಯಲ್ಲಿ ತುಂಬಿದರು ಎಂಬುದನ್ನು ಮೊದಲು ಕೇಳಬೇಕು. ಇವು ತಿಳಿಯದಿದ್ದಲ್ಲಿ ಆ ಅಂಕಿಯನ್ನು ಗಣಕದ ಅಂದಾಜೆಂದು ಉಲ್ಲೇಖಿಸಬಹುದೇ ಹೊರತು ಟ್ಯಾಂಕಿನ ಸ್ಥಿತಿಯೆಂದು ಉಲ್ಲೇಖಿಸಬಾರದು.

1988ರಲ್ಲಿ ಹೋಂಡಾ ಎಂಜಿನಿಯರುಗಳು ಈ ಸಮಸ್ಯೆಯನ್ನು ಬೇರೆ ಕಡೆಯಿಂದ ಹಿಡಿದರು. ನೂರಕ್ಕೆ 84 ಪಾಲು ಟಾಲುಯೀನ್ ಇದ್ದ ಇಂಧನವನ್ನು ಬಳಸಿದರು. ಅದು ಪೆಟ್ರೋಲಿಗಿಂತ ಭಾರ, ನಾಕಿಂಗಿಗೆ ಸುಲಭವಾಗಿ ಬಗ್ಗುವುದಿಲ್ಲ. ಬೇಗ ಆವಿಯಾಗದ್ದರಿಂದ ಮೊದಲೇ ಬಿಸಿಮಾಡಿ ಚಿಮ್ಮಿಸಿದರು. 150 ಲೀಟರ್ ಇಂಧನ, 2.5 ಬಾರ್ ಒತ್ತಡದ ಮಿತಿಯೊಳಗೆ ಮೆಕ್‌ಲಾರೆನ್ ಹದಿನಾರು ಪಂದ್ಯಗಳಲ್ಲಿ ಹದಿನೈದನ್ನು ಗೆದ್ದಿತು. 1989ರಿಂದ ಟರ್ಬೊ ಎಂಜಿನ್ನುಗಳನ್ನು ನಿಷೇಧಿಸಲಾಯಿತು. 2014ರಲ್ಲಿ ಅವು ಮರಳಿ ಬಂದಾಗ ಪಂದ್ಯವೊಂದಕ್ಕೆ ಇಂಧನದ ಮಿತಿಯನ್ನು 100 ಕಿಲೋಗ್ರಾಮ್ ಎಂದು ತೂಕದಲ್ಲಿಯೇ ಹೇಳಿದ್ದರು. ಹರಿವನ್ನು ಅಳೆಯಲು ಇಂಧನದ ಮಾರ್ಗದಲ್ಲಿಯೇ ಪ್ರತ್ಯೇಕ ಮಾಪಕವನ್ನು ಕಡ್ಡಾಯಪಡಿಸಿದ್ದರು.