ನರವನ್ನು ನುಡಿಸುವ ಬಗೆ

ಮೊಣಕಾಲು ನೋವೆಂದೋ, ಸೊಂಟ ಹಿಡಿದುಕೊಂಡಿತೆಂದೋ, ಪಾರ್ಶ್ವವಾಯುವಿನಿಂದ ಒಂದು ಮಗ್ಗುಲು ಸೋತಿತೆಂದೋ ಫಿಸಿಯೋಥೆರಪಿಯ ಕೊಠಡಿಗೆ ಹೋಗಿಬಂದವರು ಮನೆಯಲ್ಲಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಕರೆಂಟ್ ಇಟ್ಟರು.’ ಕಪ್ಪು ರಬ್ಬರಿನ ಪ್ಯಾಡುಗಳಿಗೆ ಜೆಲ್ ಸವರಿ, ಅಥವಾ ಅವುಗಳ ಅಡಿಗೆ ಒದ್ದೆಯ ಸ್ಪಂಜನ್ನಿರಿಸಿ, ನೋವಿರುವೆಡೆಯಲ್ಲಿ ಪಟ್ಟಿ ಬಿಗಿದು, ಚಿಕಿತ್ಸಕರು ಯಂತ್ರದ ಗುಂಡಿಯನ್ನು ಮೆಲ್ಲಮೆಲ್ಲನೆ ತಿರುಗಿಸುತ್ತ ‘ಜುಮ್ ಅಂತಿದೆಯಾ? ಜಾಸ್ತಿ ಅನ್ನಿಸಿದರೆ ಹೇಳಿ’ ಎನ್ನುತ್ತಾರೆ. ಮಲಗಿದವರು ಆ ಜುಮುಜುಮಿಗೆ ಮೈಯೊಡ್ಡಿ, ಯಾವುದೋ ಶಕ್ತಿಯೊಂದು ಹೊರಗಿನಿಂದ ಒಳಹೊಕ್ಕು ಬಳಲಿದ ಅಂಗವನ್ನು ತುಂಬುತ್ತಿದೆಯೆಂದು ಭಾವಿಸುತ್ತಾರೆ. ಭಾವನೆ ಸಹಜವಾದುದೇ, ಆದರೆ ನಡೆಯುತ್ತಿರುವುದು ಅದಲ್ಲ. ಆ ಪ್ರವಾಹವು ಅಂಗಕ್ಕೆ ಬಲವನ್ನು ಕೊಡುವುದಿಲ್ಲ, ನರಕ್ಕೆ ಒಂದು ಸೂಚನೆಯನ್ನು ಮಾತ್ರ ಕೊಡುತ್ತದೆ. ಉಳಿದ ಕಾರ್ಯವನ್ನೆಲ್ಲ ನರವು ತನ್ನ ಸ್ವಂತ ಬಂಡವಾಳದಿಂದಲೇ ನಡೆಸುತ್ತದೆ.

ಏಕೆಂದರೆ ವಿದ್ಯುತ್ತು ನರಕ್ಕೆ ಪರಕೀಯವಾದುದಲ್ಲ. ಸುಮ್ಮನಿರುವ ನರತಂತುವಿನ ಒಳಗು ಹೊರಗಿಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಸೋಡಿಯಂ ಅಯಾನುಗಳು ಬಹುಮಟ್ಟಿಗೆ ಹೊರಗೂ ಪೊಟಾಸಿಯಂ ಅಯಾನುಗಳು ಒಳಗೂ ಕಾದು ನಿಂತಿರುವ ಈ ಸ್ಥಿತಿಯನ್ನು ಕಾಪಾಡಿಕೊಳ್ಳುವುದಕ್ಕಾಗಿ ಜೀವಕೋಶವು ಹಗಲಿರುಳೂ ದುಡಿಯುತ್ತಲೇ ಇರುತ್ತದೆ. ಈ ಅಂತರವು 15 ಮಿಲಿವೋಲ್ಟುಗಳಷ್ಟು ಕುಗ್ಗಿತೆಂದರೆ ಸಾಕು, ಪೊರೆಯಲ್ಲಿರುವ ಸೋಡಿಯಂ ದ್ವಾರಗಳು ಒಮ್ಮೆಲೇ ತೆರೆದುಕೊಂಡು, ಅಲ್ಲಿಂದಾಚೆಗೆ ಆವೇಗವು ತಂತುವಿನುದ್ದಕ್ಕೂ ತಾನಾಗಿಯೇ ಸಾಗಿಹೋಗುತ್ತದೆ. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪನೆಯ ನರತಂತುವಿನ ಮೇಲೆ ಪ್ರಯೋಗಗಳನ್ನು ನಡೆಸಿ, ಈ ವ್ಯಾಪಾರದ ಗಣಿತವನ್ನು 1952ರಲ್ಲಿ ಲೋಕದ ಮುಂದಿಟ್ಟವರು ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ. ಅದಕ್ಕಾಗಿ ಅವರಿಗೆ 1963ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಚರ್ಮದ ಮೇಲಿಟ್ಟ ಎರಡು ಪ್ಯಾಡುಗಳಲ್ಲಿ ಋಣವಾದುದು ತನ್ನ ಕೆಳಗಿನ ನರದ ಹೊರಮೈಯಿಂದ ಧನ ಅಯಾನುಗಳನ್ನು ಸೆಳೆದುಕೊಳ್ಳುತ್ತದೆ, ಹೊರಗಿನ ಧನ ಕುಂದಿದಾಗ ಒಳಹೊರಗುಗಳ ಅಂತರವೂ ಕುಂದುತ್ತದೆ, ದ್ವಾರ ತೆರೆಯುತ್ತದೆ. ಈ ಆವೇಗ ಮಿದುಳಿನ ಆಜ್ಞೆಯಿಂದ ಹುಟ್ಟಿತೇ, ಪ್ಯಾಡಿನ ಸೆಳೆತದಿಂದ ಹುಟ್ಟಿತೇ ಎಂಬ ವಿವೇಚನೆ ಸ್ನಾಯುವಿಗಿಲ್ಲ.

ಈ ಸಂಗತಿಯ ಮೊದಲ ಸುಳಿವು ಬೊಲೊನ್ಯದ ಗ್ಯಾಲ್ವಾನಿಗೆ ಸತ್ತ ಕಪ್ಪೆಯ ಕಾಲುಗಳು ಅದುರಿದಾಗ ಸಿಕ್ಕಿತೆಂಬುದೂ, ಆತ ಅದನ್ನು 1791ರಲ್ಲಿ ಪ್ರಕಟಿಸಿದನೆಂಬುದೂ ಶಾಲೆಯ ಪಾಠಗಳಿಂದ ಹಲವರಿಗೆ ತಿಳಿದಿರಬಹುದು. ಅದಕ್ಕೂ ಬಹಳ ಹಿಂದೆ, ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ, ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೂ ಪಾದದ ವಾತಕ್ಕೂ ಜೀವಂತವಾದ ವಿದ್ಯುನ್ಮೀನನ್ನು ಸೋಕಿಸಬೇಕೆಂದು ಬರೆದಿಟ್ಟಿದ್ದನು. ಆ ಮೀನಿನ ಹೊಡೆತವನ್ನು ಹೆಚ್ಚುಕಡಮೆ ಮಾಡುವ ಗುಂಡಿ ಮಾತ್ರ ರೋಮನರ ಕೈಯಲ್ಲಿರಲಿಲ್ಲ.

ಆದರೆ ಇಂದಿನ ಪ್ಯಾಡಿನ ನಿಜವಾದ ಮೂಲಪುರುಷನೆಂದು ಕರೆಯಬೇಕಾದವನು ನನ್ನ ಮತದಲ್ಲಿ ಫ್ರಾನ್ಸಿನ ಡ್ಯುಶೆನ್. ಬುಲೋನ್ ಎಂಬ ಕಡಲತೀರದ ಊರಿನಿಂದ ಪ್ಯಾರಿಸಿಗೆ ಬಂದು, ಅಲ್ಲಿಯ ಆಸ್ಪತ್ರೆಗಳಲ್ಲಿ ತನ್ನ ವಿದ್ಯುತ್ ಪೆಟ್ಟಿಗೆಯೊಡನೆ ರೋಗಿಗಳ ಮಂಚದಿಂದ ಮಂಚಕ್ಕೆ ನಡೆಯುತ್ತಿದ್ದ ಈತನಿಗಿಂತ ಮುಂಚಿನವರು ಸ್ನಾಯುವಿಗೆ ವಿದ್ಯುತ್ತನ್ನು ಮುಟ್ಟಿಸಬೇಕಾದರೆ ಸೂಜಿಯನ್ನು ಚುಚ್ಚುತ್ತಿದ್ದರು. ವಿದ್ಯುದಗ್ರವನ್ನು ಒದ್ದೆಮಾಡಿ ಚರ್ಮದ ಮೇಲೆ ಒತ್ತಿದರೆ, ಚುಚ್ಚದೆ, ಸುಡದೆ, ಬೇಕಾದ ಒಂದೇ ಸ್ನಾಯುವನ್ನು ಕುಣಿಸಬಹುದೆಂಬುದನ್ನು ಆತ ಸಾಧಿಸಿ ತೋರಿಸಿ, 1855ರಲ್ಲಿ ಆ ಕುರಿತು ದೊಡ್ಡ ಗ್ರಂಥವನ್ನೇ ಬರೆದನು. ಒಂದೊಂದು ಸ್ನಾಯುವಿನ ಮೇಲೂ ಯಾವುದೋ ಒಂದು ನೆಲೆಯಲ್ಲಿ ಇಟ್ಟಾಗ ಮಾತ್ರ ಅತ್ಯಲ್ಪ ಪ್ರವಾಹಕ್ಕೇ ಅದು ಓಗೊಡುವುದೇಕೆಂಬ ಪ್ರಶ್ನೆಗೆ, ಅದು ನರವು ಸ್ನಾಯುವನ್ನು ಹೊಗುವ ಸ್ಥಾನವೆಂಬ ಉತ್ತರವನ್ನು ಬರ್ಲಿನ್ನಿನ ರೆಮಾಕನು ಕೊಟ್ಟನು. ಸ್ವಲ್ಪ ಕಾಲದಲ್ಲಿಯೇ ತ್ಸೀಮ್ಸನ್ ಎಂಬ ಇನ್ನೊಬ್ಬ ಜರ್ಮನ್ ವೈದ್ಯನು ಈ ನೆಲೆಗಳ ನಕ್ಷೆಯನ್ನು ಸಿದ್ಧಪಡಿಸಿದನು. ಇಂದು ಫಿಸಿಯೋಥೆರಪಿಯ ವಿದ್ಯಾರ್ಥಿಗಳು ‘ಮೋಟಾರ್ ಪಾಯಿಂಟ್’ ಎಂದು ಬಾಯಿಪಾಠ ಮಾಡುವುದು ಇದನ್ನೇ. ಅನುಭವಿಯಾದ ಚಿಕಿತ್ಸಕರು ಪ್ಯಾಡನ್ನು ಅರ್ಧ ಅಂಗುಲ ಅತ್ತಿತ್ತ ಸರಿಸಿ ನೋಡುವುದು ರೋಗಿಯ ಕಣ್ಣಿಗೆ ಅನುಮಾನದಂತೆ ಕಂಡರೂ ವಾಸ್ತವದಲ್ಲಿ ಅದು ಈ ಹುಡುಕಾಟವೇ.

ಡ್ಯುಶೆನ್ನನ ಆ ಒದ್ದೆ ಇಂದಿಗೂ ಬಿಟ್ಟಿಲ್ಲ. ಲೋಹದ ತಂತಿಯಲ್ಲಿ ಹರಿಯುವುದು ಎಲೆಕ್ಟ್ರಾನು, ದೇಹದಲ್ಲಿ ಹರಿಯುವುದು ಅಯಾನು. ಈ ಎರಡರ ನಡುವಣ ಸಂಧಿಸ್ಥಾನವೇ ಪ್ಯಾಡು. ಒಣಚರ್ಮದ ಮೇಲ್ಪದರವು ವಿದ್ಯುತ್ತಿಗೆ ಬಲವಾದ ತಡೆಯನ್ನೊಡ್ಡುವುದರಿಂದ ಜೆಲ್ಲಾಗಲಿ ನೀರಾಗಲಿ ಇರಲೇಬೇಕು. ಪ್ಯಾಡು ಚಿಕ್ಕದಾದಷ್ಟೂ ಪ್ರವಾಹವು ಒತ್ತಾಗಿ ಹರಿದು ಚುಚ್ಚುತ್ತದೆ. ಎರಡು ಪ್ಯಾಡುಗಳನ್ನು ತೀರ ಹತ್ತಿರವಿಟ್ಟರೆ ಅದು ಮೇಲ್ಮೇಲೆಯೇ ದಾಟಿಹೋಗುತ್ತದೆ, ದೂರವಿಟ್ಟರೆ ಆಳಕ್ಕಿಳಿಯುತ್ತದೆ. ಒಂದೇ ದಿಕ್ಕಿನ ಪ್ರವಾಹವನ್ನು ಬಹಳ ಹೊತ್ತು ಹರಿಸಿದರೆ ಋಣಾಗ್ರದ ಕೆಳಗೆ ಕ್ಷಾರವು ಸಂಗ್ರಹವಾಗಿ ಚರ್ಮ ಬೇಯುವ ಸಂಭವವಿರುವುದರಿಂದ, ಈಗಿನ ಯಂತ್ರಗಳು ಸಾಮಾನ್ಯವಾಗಿ ಪ್ರತಿಯೊಂದು ಮಿಡಿತವನ್ನೂ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಹರಿಸಿ ಲೆಕ್ಕವನ್ನು ಸರಿದೂಗಿಸುತ್ತವೆ.

ಮಿಡಿತದ ಬಲ, ಅದರ ಅವಧಿ, ಸೆಕೆಂಡಿಗೆ ಅವುಗಳ ಸಂಖ್ಯೆ ಎಂಬೀ ಮೂರರ ಹೊಂದಾಣಿಕೆಯಲ್ಲಿಯೇ ಚಿಕಿತ್ಸಕರ ಕೌಶಲವೆಲ್ಲ ಅಡಗಿದೆ. ಬಲ ಕಡಮೆಯಾದರೆ ಅವಧಿ ಹೆಚ್ಚಬೇಕು, ಅವಧಿ ಕಿರಿದಾದರೆ ಬಲ ಹೆಚ್ಚಬೇಕು. ಈ ಸಂಬಂಧಕ್ಕೆ ಅಳತೆಗೋಲನ್ನು ಒದಗಿಸಿದವನು 1909ರಲ್ಲಿ ಫ್ರಾನ್ಸಿನ ಲಪೀಕ್. ದಪ್ಪನೆಯ ತಂತುಗಳು ಹೊರಗಿನ ಪ್ರಚೋದನೆಗೆ ಬೇಗ ಮಣಿಯುತ್ತವೆ, ತೆಳ್ಳನೆಯವು ತಡವಾಗಿ. ಸ್ಪರ್ಶವನ್ನು ಒಯ್ಯುವ ತಂತುಗಳೂ ಸ್ನಾಯುವಿಗೆ ಆಜ್ಞೆ ತರುವ ತಂತುಗಳೂ ದಪ್ಪ. ನೋವನ್ನು ಒಯ್ಯುವವು ಸಪೂರ, ಅವುಗಳಲ್ಲಿಯೂ ಅತಿ ತೆಳ್ಳನೆಯವು ಸೆಕೆಂಡಿಗೆ ಎರಡು ಮೀಟರಿಗೂ ಮೀರದ ವೇಗದಲ್ಲಿ ಸುದ್ದಿಯನ್ನು ಸಾಗಿಸುವಂಥವು. ಆದುದರಿಂದಲೇ ಗುಂಡಿಯನ್ನು ತಿರುಗಿಸುತ್ತ ಹೋದಂತೆ ಸಾಮಾನ್ಯವಾಗಿ ಮೊದಲು ಜುಮುಜುಮು, ಆಮೇಲೆ ಸ್ನಾಯುವಿನ ಅದುರು, ಕಡೆಗೆ ನೋವು ಎಂಬ ಕ್ರಮ ಕಾಣಿಸಿಕೊಳ್ಳುವುದು. ನಿಸರ್ಗವು ತಂತುಗಳ ದಪ್ಪದಲ್ಲಿ ಇಷ್ಟು ಭೇದವನ್ನಿರಿಸದಿದ್ದರೆ ಈ ಚಿಕಿತ್ಸೆಯೇ ಸಾಧ್ಯವಾಗುತ್ತಿರಲಿಲ್ಲ.

ನೋವಿನ ಮಾತಿಗೆ ಬಂದರೆ, ಬಿದ್ದು ಪೆಟ್ಟಾದ ಮಗುವಿನ ಮಂಡಿಯನ್ನು ತಾಯಿ ಉಜ್ಜಿದೊಡನೆ ನೋವು ಇಳಿಯುವುದು ಬರಿಯ ಮಮತೆಯ ಮಹಿಮೆಯಲ್ಲ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬಿಬ್ಬರು, ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ಬಿಡುವ ಅಥವಾ ತಡೆಯುವ ಒಂದು ಬಾಗಿಲಿದೆಯೆಂದೂ, ಸ್ಪರ್ಶದ ದಪ್ಪತಂತುಗಳು ಚುರುಕಾಗಿದ್ದಾಗ ಆ ಬಾಗಿಲು ಮುಚ್ಚಿಕೊಳ್ಳುತ್ತದೆಂದೂ ವಾದಿಸಿದರು. ಎರಡು ವರ್ಷಗಳ ತರುವಾಯ ಇದೇ ವಾಲ್ ತನ್ನ ಸಹೋದ್ಯೋಗಿ ಸ್ವೀಟ್‌ನೊಡನೆ ಸೇರಿ, ವಿದ್ಯುತ್ತಿನಿಂದ ದಪ್ಪತಂತುಗಳನ್ನು ಎಚ್ಚರಿಸಿ ನೋವನ್ನು ತಾತ್ಕಾಲಿಕವಾಗಿ ಅಡಗಿಸಬಹುದೆಂದು ತೋರಿಸಿದನು. ಮೊದಲು ಅವರಿಬ್ಬರೂ ಪರೀಕ್ಷೆಗೊಡ್ಡಿಕೊಂಡದ್ದು ತಮ್ಮ ಮುಖದ ನರಗಳನ್ನೇ. ‘ಟೆನ್ಸ್’ ಎಂದು ಇಂದು ಔಷಧದಂಗಡಿಗಳಲ್ಲಿಯೂ ಸಿಗುವ ಪುಟ್ಟ ಯಂತ್ರದ ವಂಶ ಇಲ್ಲಿಂದ ಬೆಳೆದುದು. ಬಾಗಿಲಿನ ಆ ಸಿದ್ಧಾಂತಕ್ಕೆ ಅನಂತರ ಎಷ್ಟೋ ತಿದ್ದುಪಡಿಗಳಾಗಿವೆ. ದೇಹವೇ ಉತ್ಪಾದಿಸುವ ಅಫೀಮಿನಂತಹ ದ್ರವ್ಯಗಳಿಗೂ ಇದರಲ್ಲಿ ಪಾತ್ರವಿದೆಯೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ನಮ್ಮ ಚಿಕಿತ್ಸಾಲಯಗಳಲ್ಲಿ ‘ಐಎಫ್‌ಟಿ’ ಎಂದು ಬರೆದುಕೊಡುವುದಾದರೂ ಬೇರೆ ದಾರಿಯಿಂದ ಇದೇ ಊರಿಗೆ ಹೋಗುವ ಉಪಾಯ: ಸೆಕೆಂಡಿಗೆ 4000 ಮತ್ತು 4100 ಆವರ್ತಗಳ ಎರಡು ಪ್ರವಾಹಗಳು ನಾಲ್ಕು ಪ್ಯಾಡುಗಳ ನಡುವೆ ಒಂದನ್ನೊಂದು ಅಡ್ಡಹಾಯ್ದು, ಒಳಗೆ 100ರ ಮಿಡಿತವನ್ನು ಹುಟ್ಟಿಸುತ್ತವೆ.

ಇದರಿಂದ ಪ್ರಯೋಜನವೆಷ್ಟು? 2022ರಲ್ಲಿ ಬ್ರಿಟನ್ನಿನ ಸಂಶೋಧಕರು 381 ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಟೆನ್ಸ್ ನಡೆಯುತ್ತಿರುವಾಗಲೂ ಮುಗಿದ ಒಡನೆಯೂ ನೋವಿನ ತೀವ್ರತೆ ಕುಗ್ಗುತ್ತದೆಂದು ಹೇಳಿದರು. ಅದೇ ದೇಶದ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯಾದ ನೈಸ್ 2016ರಲ್ಲಿ ಸೊಂಟನೋವಿಗೆ ಟೆನ್ಸ್ ಬೇಡವೆಂದು ತೀರ್ಮಾನಿಸಿದ್ದೂ ಉಂಟು. ಇವೆರಡರಲ್ಲಿ ನನಗೆ ಅಷ್ಟೇನೂ ವಿರೋಧ ಕಾಣುವುದಿಲ್ಲ. ನೋವು ತಗ್ಗಿದ ಆ ಸ್ವಲ್ಪ ಹೊತ್ತಿನಲ್ಲಿ ಮಂಡಿಯನ್ನು ಮಡಿಸಿ ನೀಡುವ ವ್ಯಾಯಾಮವನ್ನು ಮಾಡಿಸದೆ, ಪ್ಯಾಡು ಕಟ್ಟಿ ಹದಿನೈದು ನಿಮಿಷ ಮಲಗಿಸಿ, ಹಣ ಎಣಿಸಿಕೊಂಡು ಕಳುಹಿಸಿಬಿಡುವ ಚಿಕಿತ್ಸೆಯನ್ನು ಯಂತ್ರದ ತಪ್ಪೆಂದು ಹೇಳಲಾಗದು.

ಸ್ನಾಯುವನ್ನೇ ದುಡಿಸಬೇಕಾದಾಗ ಲೆಕ್ಕಾಚಾರ ಬೇರೆ. ಸೆಕೆಂಡಿಗೆ ಒಂದೆರಡು ಮಿಡಿತಗಳಾದರೆ ಸ್ನಾಯು ಬಿಡಿಬಿಡಿಯಾಗಿ ಅದುರುತ್ತದೆ. 30ರಿಂದ 50ರಷ್ಟಾದರೆ ಅದುರುಗಳು ಒಂದರೊಳಗೊಂದು ಕೂಡಿ ಗಟ್ಟಿಯಾದ ಸಂಕೋಚವಾಗುತ್ತದೆ. ಆದರೆ ಮಿದುಳು ತಾನಾಗಿ ಆಜ್ಞಾಪಿಸುವಾಗ ದಣಿಯದ ಚಿಕ್ಕ ಘಟಕಗಳನ್ನು ಮೊದಲು ಕರೆದು, ಅಗತ್ಯ ಬಿದ್ದರಷ್ಟೇ ದೊಡ್ಡವನ್ನು ಎಬ್ಬಿಸುವುದು ಕ್ರಮ. ಪ್ಯಾಡು ಈ ಮರ್ಯಾದೆಯನ್ನರಿಯದು. ಅದು ಬೇಗ ದಣಿಯುವ ದೊಡ್ಡ ಘಟಕಗಳನ್ನೂ ಸೇರಿಸಿ, ಕೈಗೆ ಸಿಕ್ಕ ತಂತುಗಳನ್ನೆಲ್ಲ ಏಕಕಾಲಕ್ಕೆ ಬಡಿದೆಬ್ಬಿಸುತ್ತದೆ. ಆದುದರಿಂದ ಯಂತ್ರ ಮಾಡಿಸಿದ ಕಸರತ್ತಿನಲ್ಲಿ ಆಯಾಸ ಬೇಗ. ನಡುನಡುವೆ ದೀರ್ಘವಾದ ವಿಶ್ರಾಂತಿ ಬೇಕು. ಮಂಡಿಗೆ ಶಸ್ತ್ರಚಿಕಿತ್ಸೆಯಾದವರ ತೊಡೆಯ ಮೇಲೆ ಪ್ಯಾಡು ಇಟ್ಟವರು ‘ಕರೆಂಟ್ ಬಂದಾಗ ನೀವೂ ಬಿಗಿ ಮಾಡಿ’ ಎನ್ನುವುದು, ಮಿದುಳಿನ ಆಜ್ಞೆಯೂ ಪ್ಯಾಡಿನ ಸೂಚನೆಯೂ ಜೊತೆಗೂಡಲೆಂದು.

ಈ ಬಗೆಯಲ್ಲಿ ಅತ್ಯಂತ ಚತುರವಾದ ಪ್ರಯೋಗ 1961ರಲ್ಲಿ ಅಮೆರಿಕೆಯ ಲಿಬರ್ಸನ್ ಮತ್ತು ಆತನ ಸಂಗಡಿಗರದು. ಪಾರ್ಶ್ವವಾಯುವಾದವರಲ್ಲಿ ಹೆಜ್ಜೆಯೆತ್ತುವಾಗ ಪಾದದ ಮುಂಭಾಗ ಜೋತುಬಿದ್ದು ನೆಲಕ್ಕೆ ಎಡವುತ್ತದೆಯಷ್ಟೆ. ಅವರು ಬೂಟಿನ ಹಿಮ್ಮಡಿಯಲ್ಲಿ ಒಂದು ಸ್ವಿಚ್ಚನ್ನು ಅಡಗಿಸಿ, ಹಿಮ್ಮಡಿ ನೆಲ ಬಿಟ್ಟ ಕ್ಷಣದಲ್ಲಿಯೇ ಮಂಡಿಯ ಹೊರಪಕ್ಕದಲ್ಲಿ ಚರ್ಮದ ಸಮೀಪದಲ್ಲಿಯೇ ಹಾಯುವ ನರಕ್ಕೆ ಮಿಡಿತವು ತಲುಪುವಂತೆಯೂ, ಪಾದ ಮೇಲಕ್ಕೆತ್ತಿಕೊಳ್ಳುವಂತೆಯೂ, ಹಿಮ್ಮಡಿ ಊರಿದೊಡನೆ ಅದು ನಿಲ್ಲುವಂತೆಯೂ ಏರ್ಪಡಿಸಿದರು. ಇಲ್ಲಿ ಕೆಟ್ಟಿದ್ದುದು ಮಿದುಳು. ಕಾಲಿನ ನರ ನೆಟ್ಟಗಿದ್ದಿತು. ನರವೇ ಕಡಿದುಹೋಗಿದ್ದರೆ ಈ ಕಿರುಮಿಡಿತಕ್ಕೆ ಓಗೊಡುವವರು ಯಾರೂ ಇರುವುದಿಲ್ಲ. ಆಗ ಸ್ನಾಯುವನ್ನೇ ನೇರವಾಗಿ ಕೆಣಕಬೇಕಾಗಿ, ಸೆಕೆಂಡಿನ ಸಾವಿರದ ಒಂದು ಪಾಲಿನ ಹತ್ತಾರು ಪಟ್ಟು, ಕೆಲವೊಮ್ಮೆ ನೂರಾರು ಪಟ್ಟು ದೀರ್ಘವಾದ ಮಿಡಿತಗಳು ಬೇಕಾಗುತ್ತವೆ.

ಎದೆಯಲ್ಲಿ ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಈ ವಿದ್ಯುತ್ ಚಿಕಿತ್ಸೆಯ ಗೋಜಿಗೆ ಹೋಗಬಾರದು. ಕತ್ತಿನ ಮುಂಭಾಗದಲ್ಲಾಗಲಿ, ಎದೆಗೆ ಅಡ್ಡಲಾಗಿಯಾಗಲಿ, ಗರ್ಭಿಣಿಯ ಹೊಟ್ಟೆಯ ಮೇಲಾಗಲಿ, ಗಾಯದ ಮೇಲಾಗಲಿ ಪ್ಯಾಡು ಇಡಕೂಡದು. ಸಕ್ಕರೆಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರ ವಿಷಯದಲ್ಲಿ ಇನ್ನಷ್ಟು ಎಚ್ಚರಿಕೆ ಬೇಕು, ಏಕೆಂದರೆ ಪ್ರವಾಹ ಹೆಚ್ಚಾಯಿತೆಂದು ಹೇಳಬೇಕಾದ ನರವೇ ಅಲ್ಲಿ ಮೂಕವಾಗಿರುತ್ತದೆ. ಮನೆಯಲ್ಲಿ ಬಳಸುವ ಅಂಟುಪ್ಯಾಡುಗಳಾದರೋ, ಬೆವರು, ಎಣ್ಣೆ, ಧೂಳುಗಳನ್ನು ಮೆತ್ತಿಕೊಂಡು ಕೆಲವು ವಾರಗಳಲ್ಲಿಯೇ ಅಂಚಿನಿಂದ ಒಣಗತೊಡಗುತ್ತವೆ. ಒಣಗಿದೆಡೆಯನ್ನು ಬಿಟ್ಟು ಪ್ರವಾಹವೆಲ್ಲ ಉಳಿದ ಕಿರಿದಾದ ಜಾಗದಲ್ಲಿಯೇ ನುಗ್ಗುವುದರಿಂದ ಸೂಜಿ ಚುಚ್ಚಿದಂತಾಗುತ್ತದೆ. ಯಂತ್ರ ಕೆಟ್ಟಿತೆಂದು ಅಂಗಡಿಗೆ ಒಯ್ಯುವವರಲ್ಲಿ ಹಲವರಿಗೆ ಬೇಕಾಗಿರುವುದು ಹೊಸ ಪ್ಯಾಡುಗಳ ಒಂದು ಜೊತೆ ಮಾತ್ರ.